ಎರಡೂವರೆ ವರ್ಷದ ಮಗಳು, ಆರು ವರ್ಷದ ಮಗ, ಮೊಣಕಾಲು ನೋವಿನ ಅತ್ತೆ: ವಂಡರ್‌ಲಾಗೆ ಹೋಗಬಹುದಾ?

ಪ್ರಶ್ನೆ: ನಾವು ಸಿಂಧನೂರಿನವರು. ಮಗನಿಗೆ ಆರು ವರ್ಷ, ಮಗಳಿಗೆ ಎರಡೂವರೆ. ದಸರಾ ರಜೆಯಲ್ಲಿ ವಂಡರ್‌ಲಾಗೆ ಕರ್ಕೊಂಡು ಹೋಗ್ತೀವಿ ಅಂತ ಮಗನಿಗೆ ಮಾತು ಕೊಟ್ಟುಬಿಟ್ಟಿದ್ದೇವೆ. ನಮ್ಮ ಮನೆಯವರಿಗೆ ಸಿಗುವುದು ಮೂರೇ ದಿನ ರಜೆ. ಅತ್ತೆಯವರೂ ಬರುತ್ತಾರೆ. ಅವರಿಗೆ 66 ವರ್ಷ, ಮೊಣಕಾಲು ನೋವಿದೆ. ನಮ್ಮದೇ ಕಾರಿದೆ. ನನ್ನ ಮೈದುನ ‘ವಂಡರ್‌ಲಾ, ರಾಮೋಜಿ ಫಿಲ್ಮ್ ಸಿಟಿ, ಸ್ನೋ ವರ್ಲ್ಡ್, ಚಾರ್‌ಮಿನಾರ್ ಎಲ್ಲಾ ಮೂರು ದಿನದಲ್ಲಿ ಮುಗಿಸಬಹುದು’ ಅಂತಾನೆ. ಬೆಂಗಳೂರಿಗೆ ಹೋಗೋದಾ, ಹೈದರಾಬಾದಿಗಾ? ಇಷ್ಟು ಚಿಕ್ಕ ಮಕ್ಕಳಿಗೆ ಅಷ್ಟು ದುಡ್ಡು ಹಾಕುವುದು ದಂಡವಾ?

ಉತ್ತರ: ಹೋಗಿ ತಂಗಿ. ಮಾತು ಕೊಟ್ಟಾಗಿದೆ ಅಂದಮೇಲೆ ಹೋಗಲೇಬೇಕು, ಆರು ವರ್ಷದವರು ಅಂಥದ್ದನ್ನು ಮರೆಯುವ ಪೈಕಿ ಅಲ್ಲ. ಆದರೆ ನಿಮ್ಮ ಮೈದುನನ ಲೆಕ್ಕದಲ್ಲಿ ಮಾತ್ರ ಹೋಗಬೇಡಿ. ಅದು ನಾಲ್ಕು ಜನ ಹುಡುಗರು ಕೂಡಿ ಹೋಗುವ ಲೆಕ್ಕ. ನಿಮ್ಮ ಕಾರಿನಲ್ಲಿ ಡೈಪರ್ ಇದೆ, ಮೊಣಕಾಲಿನ ಎಣ್ಣೆ ಇದೆ.

ನಾನು ಏಳು ವರ್ಷ ಒಂದು ಪಾರ್ಕಿನಲ್ಲಿ ರೈಡ್ ನಡೆಸುವ ಕೆಲಸ ಮಾಡಿದವನು. ಆಮೇಲೆ ಊರಿಗೆ ವಾಪಸ್ ಬಂದು ರಾಯಚೂರಿನಿಂದ ಫ್ಯಾಮಿಲಿ ಟೂರ್ ಬಿಡುತ್ತಿದ್ದೇನೆ. ಬಾಗಿಲ ಒಳಗೂ ನಿಂತಿದ್ದೇನೆ, ಹೊರಗೂ ನಿಂತಿದ್ದೇನೆ. ಚಿಕ್ಕ ಮಕ್ಕಳ ಜೊತೆ ಹೋದಾಗ ದಿನ ಕೆಡುವುದು ಎರಡು ಕಡೆ. ಒಂದು, ಎತ್ತರ ಅಳೆಯುವ ಹಲಗೆಯ ಹತ್ತಿರ. ಇನ್ನೊಂದು, ಮಧ್ಯಾಹ್ನ ಎರಡು ಗಂಟೆಗೆ, ನಿದ್ದೆ ತಪ್ಪಿದಾಗ. ಇವೆರಡನ್ನೂ ಸಿಂಧನೂರಿನ ಮನೆಯಲ್ಲೇ ಕೂತು ಸರಿ ಮಾಡಿಕೊಳ್ಳಬಹುದು.

ಮೊದಲು ಎತ್ತರ. ಮೊದಲ ಎರಡು ವರ್ಷ ನನ್ನ ಡ್ಯೂಟಿ ಇದ್ದದ್ದು ರೋಲರ್ ಕೋಸ್ಟರ್ ಬಾಗಿಲಲ್ಲಿ. ಪಕ್ಕದಲ್ಲಿ ಗೆರೆ ಎಳೆದ ಹಲಗೆ. ಅರ್ಧ ಗಂಟೆ ಬಿಸಿಲಲ್ಲಿ ಕ್ಯೂ ನಿಂತು ಬಂದ ಮಗುವಿಗೆ ‘ಆಗಲ್ಲ ಪುಟ್ಟಾ’ ಅನ್ನಬೇಕು. ಒಂದು ದಿನ ಒಬ್ಬರು ಬಂದರು. ನಮ್ಮ ಕಡೆಯವರೇ, ಮಾತಲ್ಲೇ ಗೊತ್ತಾಯಿತು. ಮಗನ ಬೂಟಿನೊಳಗೆ ಟವೆಲ್ ತುಂಡು ಮಡಚಿ ಇಟ್ಟಿದ್ದರು. ಹುಡುಗ ಮುಳ್ಳು ತುಳಿದವನ ಹಾಗೆ ಹೆಜ್ಜೆ ಹಾಕ್ಕೊಂಡು ಬಂದ. ಬೂಟು ಬಿಚ್ಚಿಸಿದೆ. ಗೆರೆಗೆ ಎರಡು ಬೆರಳು ಕಡಿಮೆ. ‘ಎರಡು ಬೆರಳಿಗೆ ಏನಾಗತೈತ್ರೀ, ನಮ್ಮ ಹುಡುಗ ಅಂಜಂಗಿಲ್ಲ’ ಅಂದರು. ಹುಡುಗ ಮಾತ್ರ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಟವೆಲ್ ತುಂಡನ್ನೇ ನೋಡುತ್ತಿದ್ದ.

ಅಂಜುತ್ತಾನೋ ಇಲ್ಲವೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಭುಜದ ಮೇಲಿಂದ ಇಳಿಯುವ ಪಟ್ಟಿ, ತೊಡೆ ಮೇಲೆ ಕೂರುವ ಸರಳು, ಇವನ್ನು ಒಂದು ಅಳತೆಯ ಮೈಗೆ ಅಂತಲೇ ಮಾಡಿರುತ್ತಾರೆ. ಮೈ ಚಿಕ್ಕದಾದರೆ ಸರಳಿಗೂ ತೊಡೆಗೂ ನಡುವೆ ಸಂದು ಉಳಿಯುತ್ತದೆ. ಗಾಡಿ ತಿರುವಿನಲ್ಲಿ ಎತ್ತಿ ಒಗೆದಾಗ ಮಗು ಆ ಸಂದಿನಲ್ಲಿ ಜಾರುತ್ತದೆ. ಇನ್ನೊಂದು ಕುತ್ತಿಗೆ. ದೊಡ್ಡವರ ತಲೆ ಇಡೀ ಎತ್ತರದ ಎಂಟನೇ ಒಂದು ಭಾಗದಷ್ಟಿದ್ದರೆ, ಎರಡು ವರ್ಷದ ಮಗುವಿನದು ಹತ್ತಿರ ಹತ್ತಿರ ಐದನೇ ಒಂದು ಭಾಗ. ಅಷ್ಟು ಭಾರದ ತಲೆ, ಎಳೆ ಕುತ್ತಿಗೆ. ಝಾಡಿಸಿದರೆ ತಡೆಯುವುದಿಲ್ಲ. ಹಾಗಾಗಿ ಹಲಗೆ ಹತ್ತಿರ ನಿಂತವನ ಜೊತೆ ಜಗಳ ತೆಗೆಯಬೇಡಿ, ಅವನು ನಿಮ್ಮ ಕಡೆಯವನು.

ಇವತ್ತೇ ಸಂಜೆ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ. ಚಪ್ಪಲಿ ಬೇಡ, ಹಿಮ್ಮಡಿ ಗೋಡೆಗೆ ತಾಗಲಿ, ತಲೆ ಮೇಲೆ ಒಂದು ನೋಟ್‌ಬುಕ್ ಅಡ್ಡ ಇಟ್ಟು ಪೆನ್ಸಿಲ್ ಗೆರೆ ಹಾಕಿ. ಟೈಲರ್ ಟೇಪಿನಲ್ಲಿ ಅಳೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ಸ್ವಲ್ಪ ಜಾಸ್ತಿ ಬರುತ್ತದೆ. ದಿನವೆಲ್ಲಾ ಓಡಾಡಿದ ಮೇಲೆ ಬೆನ್ನುಮೂಳೆ ಒತ್ತಿಕೊಂಡು ಕೆಲವು ಮಿಲಿಮೀಟರ್ ಕಮ್ಮಿ ಆಗುತ್ತದೆ. ಅದಕ್ಕೇ ಸಂಜೆಯ ಅಳತೆಯನ್ನು ನಂಬಿ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ವಂಡರ್‌ಲಾದಲ್ಲಿ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ದೊಡ್ಡವರ ಟಿಕೆಟ್, ಮೀಸೆ ಬಂದಿರಲಿ ಬಿಡಲಿ. ಬಸ್ಸಿನಲ್ಲಿ ಕಂಡಕ್ಟರ್‌ಗೆ ಹೇಳಿದ ಹಾಗೆ ‘ಇನ್ನೂ ಮೂರು ತುಂಬಿಲ್ರೀ’ ಅಂದರೆ ನಡೆಯುವುದಿಲ್ಲ. ಎರಡೂವರೆ ವರ್ಷದ ಹೆಚ್ಚಿನ ಮಕ್ಕಳು 85 ದಾಟಿರುತ್ತಾರೆ. ಅಂದರೆ ನಿಮ್ಮ ಮಗಳಿಗೂ ಬಹುಶಃ ಟಿಕೆಟ್ ಬೀಳುತ್ತದೆ. ಬಿದ್ದರೂ ಅವಳು ಆಡುವುದು ಬೆರಳೆಣಿಕೆಯ ಆಟ. ಇದು ಗೇಟಿನಲ್ಲಿ ಗೊತ್ತಾದರೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲೇ ಗೊತ್ತಿದ್ದರೆ ಬರೀ ಖರ್ಚು, ಅಷ್ಟೇ.

ನಿಮ್ಮ ಮಗ 110ರಿಂದ 118ರ ನಡುವೆ ಎಲ್ಲೋ ಇರಬೇಕು. ದೊಡ್ಡ ದೊಡ್ಡ ರೈಡುಗಳ ಗೆರೆ ಸಾಮಾನ್ಯವಾಗಿ 120 ಅಥವಾ 140ರ ಹತ್ತಿರ ಇರುತ್ತದೆ. ಅವು ಅವನಿಗೆ ಈ ಸಲ ಇಲ್ಲ. ಇದನ್ನು ಅವನಿಗೆ ಈಗಲೇ ಹೇಳಿ, ಪಾರ್ಕಿನಲ್ಲಿ ಅಲ್ಲ. ಗೋಡೆ ಮೇಲೆ 120ಕ್ಕೆ ಒಂದು ಗೆರೆ, 140ಕ್ಕೆ ಇನ್ನೊಂದು ಗೆರೆ ಹಾಕಿ ತೋರಿಸಿ. ‘ತಲೆ ಇಲ್ಲಿಗೆ ಬಂದಾಗ ಅದು, ಇಲ್ಲಿಗೆ ಬಂದಾಗ ಇದು.’ ಮಕ್ಕಳಿಗೆ ಗೆರೆ ಅರ್ಥವಾಗುತ್ತದೆ. ‘ನೀನಿನ್ನೂ ಚಿಕ್ಕವನು’ ಅನ್ನುವುದು ಮಾತ್ರ ಅರ್ಥವಾಗುವುದಿಲ್ಲ.

ಅವನು ತಿರುಗುವುದಕ್ಕೆ, ಎತ್ತರಕ್ಕೆ ಹೆದರುತ್ತಾನಾ ಅನ್ನುವುದು ನಿಮಗೆ ಈಗಾಗಲೇ ಗೊತ್ತಿರಬೇಕು. ಅಂಬಾಮಠದ ಜಾತ್ರೆಗೆ ಹೋದಾಗ ತೊಟ್ಟಿಲು ಹತ್ತಿದ್ದನಾ? ಹತ್ತಿ ಮತ್ತೊಂದು ರೌಂಡು ಕೇಳಿದ್ದರೆ ಚಿಂತೆ ಇಲ್ಲ. ಕಣ್ಣು ಮುಚ್ಚಿಕೊಂಡು ಅಪ್ಪನ ಅಂಗಿ ಹಿಡಿದಿದ್ದರೆ ‘ಇಷ್ಟು ದೂರ ಬಂದು ಹತ್ತಲಿಲ್ಲ ಅಂದ್ರೆ ಹೆಂಗ’ ಅಂತ ಒತ್ತಾಯ ಮಾಡಬೇಡಿ. ಅಳುವ ಮಗುವನ್ನು ಹಿಡಿದು ಕೂರಿಸಿದ ಅಪ್ಪಂದಿರನ್ನು ಬಹಳ ನೋಡಿದ್ದೇನೆ. ಆ ಮಗು ಆಮೇಲೆ ಚಿಕ್ಕ ರೈಲಿಗೂ ಹತ್ತುವುದಿಲ್ಲ. ಇಡೀ ದಿನ ಹೋಯಿತು.

ಇನ್ನು ಬೆಂಗಳೂರಾ, ಹೈದರಾಬಾದಾ. ಸಿಂಧನೂರಿನವರಿಗೆ ಹೈದರಾಬಾದೇ ಸರಿ. 2016ರಲ್ಲಿ ಶುರುವಾದ ಪಾರ್ಕು, ಇರುವುದು ರಾವಿರಾಲದಲ್ಲಿ, ಔಟರ್ ರಿಂಗ್ ರೋಡಿನ 13ನೇ ಎಕ್ಸಿಟ್ ಹತ್ತಿರ. ಹೈದರಾಬಾದ್ ಅಂದ ಕೂಡಲೇ ನಮ್ಮವರಿಗೆ ಟ್ರಾಫಿಕ್ಕಿನ ಭಯ. ಆದರೆ ನಮ್ಮ ಕಡೆಯಿಂದ ಹೋಗುವವರು ಊರೊಳಗೆ ಕಾಲಿಡಬೇಕಾಗಿಯೇ ಇಲ್ಲ. ಮಾನ್ವಿ, ರಾಯಚೂರು, ಶಕ್ತಿನಗರ, ಕೃಷ್ಣಾ ಸೇತುವೆ, ಮಖ್ತಲ್, ಮಹಬೂಬ್‌ನಗರ. ಜಡ್ಚರ್ಲಾದಲ್ಲಿ ಬೆಂಗಳೂರು-ಹೈದರಾಬಾದ್ ಹೆದ್ದಾರಿ ಸಿಗುತ್ತದೆ. ಶಾದ್‌ನಗರ ದಾಟಿ ಶಂಶಾಬಾದಿನಲ್ಲಿ ರಿಂಗ್ ರೋಡ್ ಹತ್ತಿ, ತುಕ್ಕುಗೂಡ ದಾಟಿದರೆ ರಾವಿರಾಲ. ಒಟ್ಟು ಮುನ್ನೂರು ಕಿ.ಮೀ. ಆಸುಪಾಸು. ಬೆಂಗಳೂರಾದರೆ ಇನ್ನೂ ನೂರು ಜಾಸ್ತಿ, ಮೇಲೆ ಆ ಊರು ದಾಟಿ ಬಿಡದಿಗೆ ಹೋಗಬೇಕು.

ಇದೇ ಪ್ರಶ್ನೆ ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು ಕೇಳಿದ್ದರೆ ಬೆಂಗಳೂರು ಅನ್ನುತ್ತಿದ್ದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ 2023ರಿಂದ ಚಲ್ಲಘಟ್ಟದವರೆಗೂ ಹೋಗುತ್ತದೆ. ಅಲ್ಲಿಂದ ಬಿಡದಿ ಹತ್ತಿರ. ಮಕ್ಕಳಿಗೆ ರೈಲು, ಮೆಟ್ರೊ ಎರಡೂ ಆಯಿತು. ನಿಜ ಹೇಳಬೇಕೆಂದರೆ ಎರಡು ವರ್ಷದವರಿಗೆ ಅದೇ ಅರ್ಧ ಥೀಮ್ ಪಾರ್ಕು.

ಮೂರು ದಿನವನ್ನು ಹೀಗೆ ಹಂಚಿಕೊಳ್ಳಿ. ಸೋಮವಾರ ಪ್ರಯಾಣ, ಮಂಗಳವಾರ ವಂಡರ್‌ಲಾ, ಬುಧವಾರ ವಾಪಸ್. ಯಾಕೆ ವಾರದ ನಡುವೆ ಅಂದರೆ ದಸರಾ ತೆಲಂಗಾಣದಲ್ಲಿ ನಮಗಿಂತ ದೊಡ್ಡ ಹಬ್ಬ. ಬತುಕಮ್ಮ ಸೇರಿ ಅಲ್ಲಿಯ ಶಾಲೆಗಳಿಗೂ ದೊಡ್ಡ ರಜೆ. ಶನಿವಾರ, ಭಾನುವಾರ ಹೋದರೆ ಮಗ ಆಡಿದ್ದಕ್ಕಿಂತ ಕ್ಯೂ ನಿಂತದ್ದೇ ಜಾಸ್ತಿ ಆಗುತ್ತದೆ. ಟಿಕೆಟ್ ದರವೂ ವಾರದ ಕೊನೆಯಲ್ಲಿ ಏರಿರುತ್ತದೆ. ಆನ್‌ಲೈನಿನಲ್ಲಿ ಮುಂಚೆ ತೆಗೆದರೆ ಸ್ವಲ್ಪ ಕಮ್ಮಿ ಬೀಳಬಹುದು. ಫಾಸ್ಟ್‌ಟ್ರ್ಯಾಕ್ ಅಂತ ಜಾಸ್ತಿ ದುಡ್ಡಿನ ಟಿಕೆಟ್ ಇರುತ್ತದೆ, ಅದು ನಿಮಗೆ ಬೇಡ. ಉದ್ದ ಕ್ಯೂ ಇರುವುದು ದೊಡ್ಡ ರೈಡುಗಳಿಗೆ. ನಿಮ್ಮ ಮಗ ಹತ್ತುವ ಆಟಗಳಿಗೆ ಅಷ್ಟು ಕ್ಯೂ ಇರುವುದಿಲ್ಲ. ನಿಮ್ಮ ಮನೆಯವರು ದೊಡ್ಡ ರೈಡ್ ಹತ್ತಬೇಕು ಅಂತಿದ್ದರೆ ಅದು ಬೇರೆ ಮಾತು. ಅವರಿಗೂ ಒಂದು ಗಂಟೆ ಕೊಡಿ, ಪಾಪ.

ಸೋಮವಾರ ನಸುಕಿನಲ್ಲಿ ಹೊರಡಬೇಡಿ. ‘ಲಗೂನ ಹೊಂಟ್ರ ಲಗೂನ ಮುಟ್ತೀವಿ’ ಅಂತ ನಾಲ್ಕು ಗಂಟೆಗೆ ಮಕ್ಕಳನ್ನು ಎಬ್ಬಿಸಿದರೆ ಆ ನಿದ್ದೆಯ ಸಾಲವನ್ನು ಮಂಗಳವಾರ ತೀರಿಸಬೇಕಾಗುತ್ತದೆ. ಎಂಟಕ್ಕೆ ಒಗ್ಗಾಣಿ-ಮಿರ್ಚಿ ತಿಂದು ಹೊರಡಿ. ಮಕ್ಕಳಿಗೆ ಮಿರ್ಚಿ ಬಿಡಿ, ದಾರಿಯಲ್ಲಿ ತೊಂದರೆ. ಶಕ್ತಿನಗರದ ಚಿಮಣಿ ಎಣಿಸುವ ಆಟ ಆಡಿಸಿ, ಅಲ್ಲಿಗೆ ಹದಿನೈದು ನಿಮಿಷ ಹೋಗುತ್ತದೆ. ಮಹಬೂಬ್‌ನಗರದ ಹತ್ತಿರ ಪಿಲ್ಲಲಮರ್ರಿ ಅಂತ ಒಂದು ಭಾರೀ ಆಲದ ಮರ ಇದೆ. ಹೆಸರಿನ ಅರ್ಥವೇ ‘ಮಕ್ಕಳ ಆಲ’. ಏಳುನೂರು ವರ್ಷದ್ದು ಅನ್ನುತ್ತಾರೆ. 2018ರಲ್ಲಿ ಅದಕ್ಕೆ ಗೆದ್ದಲು ಹಿಡಿದು, ಆಸ್ಪತ್ರೆಯಲ್ಲಿ ಹಾಕುವ ಹಾಗೆ ಸಲೈನ್ ಬಾಟಲಿ ಕಟ್ಟಿ ಕೊಂಬೆಕೊಂಬೆಗೂ ಔಷಧಿ ಇಳಿಸಿದ್ದರು. ಈ ಕತೆ ಹೇಳಿದರೆ ಆರು ವರ್ಷದವನು ಜಡ್ಚರ್ಲಾ ಬರುವವರೆಗೆ ಪ್ರಶ್ನೆ ಕೇಳುತ್ತಿರುತ್ತಾನೆ. ಸಂಜೆಯೊಳಗೆ ಶಂಶಾಬಾದ್ ಸೇರಿ, ವಿಮಾನ ನಿಲ್ದಾಣದ ಸುತ್ತಮುತ್ತ ಲಾಡ್ಜ್‌ಗಳಿವೆ. ಊರೊಳಗೆ ಮಾಡುವುದಕ್ಕಿಂತ ಇದು ವಾಸಿ. ಮೇಲೆ ತಲೆ ಮೇಲೆಯೇ ವಿಮಾನ ಇಳಿಯುತ್ತವೆ. ನಾನು ಕರ್ಕೊಂಡು ಹೋದ ಎಷ್ಟೋ ಮಕ್ಕಳು ಊರಿಗೆ ಬಂದ ಮೇಲೆ ಮೊದಲು ಹೇಳಿದ್ದು ವಿಮಾನದ ಸುದ್ದಿಯೇ.

ರಾಮೋಜಿ ಈ ಸಲ ಬಿಡಿ. ಅದೇ ರಿಂಗ್ ರೋಡಿನಲ್ಲಿ ಮುಂದೆ ಹೋಗಿ ಪೆದ್ದ ಅಂಬರ್‌ಪೇಟ್‌ನಲ್ಲಿ ಇಳಿದರೆ ವಿಜಯವಾಡ ರಸ್ತೆಯಲ್ಲಿದೆ. ಹತ್ತಿರ ಇದೆ ಅಂತಲೇ ಎಲ್ಲರೂ ಸೇರಿಸಿಕೊಳ್ಳುತ್ತಾರೆ. ಜಾಗ ಚೆನ್ನಾಗಿದೆ, ನಾನೇನೂ ಇಲ್ಲ ಅನ್ನುವುದಿಲ್ಲ. ಸಾವಿರದ ಆರುನೂರು ಎಕರೆಗೂ ಜಾಸ್ತಿ, ಜಗತ್ತಿನ ಅತಿ ದೊಡ್ಡ ಸ್ಟುಡಿಯೊ ಅಂತ ಗಿನ್ನೆಸ್ ದಾಖಲೆ. ತೊಂದರೆ ಇರುವುದೇ ಅಲ್ಲಿ. ಬಸ್ಸು ಹತ್ತು, ಇಳಿ, ನಡಿ, ಮತ್ತೆ ಹತ್ತು. ನಿಮ್ಮ ಅತ್ತೆಯವರ ಮೊಣಕಾಲಿಗೆ ಆ ಮೆಟ್ಟಿಲೇ ಸಾಕು. ಸೆಟ್ಟು ನೋಡಿ ಖುಷಿಪಡುವುದು ಸಿನಿಮಾ ನೋಡಿದವರು. ಎರಡೂವರೆ ವರ್ಷದವಳಿಗೆ ಅದೊಂದು ಗೋಡೆ. ಸ್ನೋ ವರ್ಲ್ಡ್ ಊರೊಳಗಿದೆ, ಒಳಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಹಿಂದಿನ ದಿನ ನೀರಲ್ಲಿ ನೆನೆದ ಮಕ್ಕಳನ್ನು ಮರುದಿನ ಅಲ್ಲಿ ನಿಲ್ಲಿಸಿದರೆ ಊರಿಗೆ ನೆಗಡಿ ಕಟ್ಟಿಕೊಂಡು ಬಂದಂತೆ. ಚಾರ್‌ಮಿನಾರ್ ಎಲ್ಲೂ ಓಡಿಹೋಗುವುದಿಲ್ಲ.

ಬುಧವಾರ ಬೆಳಿಗ್ಗೆ ಏನಾದರೂ ಬೇಕೇ ಬೇಕು ಅಂದರೆ ನೆಹರೂ ಝೂ. ದೊಡ್ಡವರಿಗೆ ಬ್ಯಾಟರಿ ಗಾಡಿ ಇದೆ, ಅತ್ತೆಯವರು ಕೂತೇ ನೋಡಬಹುದು. ಮಗಳಿಗೆ ಇಡೀ ಪ್ರವಾಸದಲ್ಲಿ ಅತಿ ಇಷ್ಟವಾಗುವುದು ಅದೇ ಆದರೂ ಆಶ್ಚರ್ಯ ಇಲ್ಲ. ಝೂ ಸೋಮವಾರ ಮುಚ್ಚಿರುತ್ತದೆ, ಅದಕ್ಕೇ ಬುಧವಾರ ಅಂದದ್ದು. ಮಧ್ಯಾಹ್ನ ಊಟ ಮಾಡಿ ಕಾರು ಹತ್ತಿದರೆ ಮಕ್ಕಳು ಮಖ್ತಲ್‌ವರೆಗೂ ಏಳುವುದಿಲ್ಲ.

ಈಗ ಮಂಗಳವಾರದ ಮಾತು. ಪಾರ್ಕು ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ. ನೀರಿನ ಆಟ ಅದಾದ ಮೇಲೆ ಶುರುವಾಗಿ ಸಂಜೆ ಐದರ ಹೊತ್ತಿಗೆ ನಿಲ್ಲುತ್ತದೆ. ಬುಕ್ ಮಾಡುವಾಗ ಆ ದಿನದ ಸಮಯ ಒಂದು ಸಲ ನೋಡಿಕೊಳ್ಳಿ. ತೆರೆಯುವುದಕ್ಕೆ ಅರ್ಧ ಗಂಟೆ ಮುಂಚೆ ಗೇಟಿನಲ್ಲಿರಿ. ಒಳಗೆ ಹೋದ ಕೂಡಲೇ ಜನ ಎರಡು ಭಾಗ ಆಗುತ್ತಾರೆ. ಹುಡುಗರು ದೊಡ್ಡ ರೋಲರ್ ಕೋಸ್ಟರ್ ಕಡೆ, ಸಂಸಾರಸ್ಥರು ಲಾಕರ್ ಕಡೆ. ನೀವು ಎರಡೂ ಕಡೆ ಹೋಗಬೇಡಿ. ನೇರವಾಗಿ ಮಕ್ಕಳ ಆಟದ ಕಡೆ ನಡೆಯಿರಿ. ಮೊದಲ ಒಂದೂವರೆ ಗಂಟೆ ಅಲ್ಲಿ ಜನವೇ ಇರುವುದಿಲ್ಲ. ಮಗ ಒಂದೇ ಆಟವನ್ನು ನಾಲ್ಕು ಸಲ ಹತ್ತಬಹುದು. ಹತ್ತಲಿ ಬಿಡಿ. ‘ಅದನ್ನೇ ಎಷ್ಟು ಸಲ, ಬಾ ಬೇರೆ ನೋಡೋಣ’ ಅಂತ ಎಳೆಯುವವರು ದೊಡ್ಡವರು. ಮಕ್ಕಳಿಗೆ ಗೊತ್ತಿರುವ ಆಟವೇ ಹೆಚ್ಚು ಖುಷಿ. ಟಿಕೆಟ್ ದುಡ್ಡನ್ನು ಆಟಗಳ ಸಂಖ್ಯೆಯಿಂದ ಭಾಗಿಸುತ್ತಾ ಕೂತರೆ ತಲೆ ಕೆಡುತ್ತದೆ.

ಊಟ ಹನ್ನೆರಡೂವರೆಗೇ ಮುಗಿಸಿ. ಒಂದು ಗಂಟೆ ದಾಟಿದರೆ ಕ್ಯಾಂಟೀನಿನಲ್ಲಿ ಟೇಬಲ್ ಸಿಗುವುದಿಲ್ಲ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಕೂಸಿನ ಊಟಕ್ಕೆ ತಕರಾರು ಇರುವುದಿಲ್ಲ, ಹಾಗಾಗಿ ಮಗಳಿಗೆ ಒಂದು ಚಿಕ್ಕ ಡಬ್ಬಿಯಲ್ಲಿ ಮೆತ್ತಗಿನ ಮೊಸರನ್ನ ಇರಲಿ. ರೊಟ್ಟಿ, ಶೇಂಗಾ ಚಟ್ನಿ ಕಾರಿನಲ್ಲೇ ಇರಲಿ, ಸಂಜೆ ಹೊರಗೆ ಬಂದಾಗ ಅದಕ್ಕಿಂತ ರುಚಿ ಇನ್ನೊಂದಿರುವುದಿಲ್ಲ.

ಊಟ ಆದ ಮೇಲೆ ನಿದ್ದೆ. ಇದು ನನ್ನ ಮಾತುಗಳಲ್ಲೇ ಅತಿ ಮುಖ್ಯವಾದದ್ದು. ಇದನ್ನು ಯಾರೂ ಕೇಳುವುದಿಲ್ಲ ಅಂತಲೂ ಗೊತ್ತು. ಅಷ್ಟು ದುಡ್ಡು ಕೊಟ್ಟು ಪಾರ್ಕಿಗೆ ಹೋಗಿ ಮಲಗುವುದಾ ಅನ್ನುತ್ತಾರೆ. ಹೌದು, ಮಲಗುವುದೇ. ನನ್ನ ಮಗಳಿಗೆ ಮೂರು ವರ್ಷ ಇದ್ದಾಗ ನಾನೇ ಈ ತಪ್ಪು ಮಾಡಿದ್ದೆ. ಪಾರ್ಕಿನಲ್ಲಿ ಕೆಲಸ ಮಾಡಿದವನು, ಎಲ್ಲಾ ತೋರಿಸಿಬಿಡುತ್ತೇನೆ ಅಂತ ಜಂಬ. ಎರಡೂವರೆಗೆ ಅವಳು ಐಸ್‌ಕ್ರೀಮ್ ಕೋನ್ ಕೆಳಗೆ ಬಿತ್ತು ಅಂತ ಅಳಲು ಶುರು ಮಾಡಿದವಳು ನಾಲ್ಕರವರೆಗೆ ಬಿಡಲಿಲ್ಲ. ಇನ್ನೊಂದು ಕೊಡಿಸಿದೆ, ಅದು ‘ಮೊದಲನೇದು’ ಅಲ್ಲವಂತೆ. ಆಮೇಲೆ ಹೆಗಲ ಮೇಲೆ ನಿದ್ದೆ ಹೋದಳು. ಎದ್ದಾಗ ಪಾರ್ಕು ಮುಚ್ಚುವ ಹೊತ್ತು. ಹೆಂಡತಿ ಊರು ಮುಟ್ಟುವವರೆಗೆ ಮಾತಾಡಲಿಲ್ಲ, ಅದು ಬೇರೆ ಕತೆ.

ಹಾಗಾಗಿ ಒಂದರಿಂದ ಎರಡೂವರೆವರೆಗೆ ನೆರಳಿನಲ್ಲಿ ಒಂದು ಜಾಗ ಹಿಡಿಯಿರಿ. ಒಂದು ಹಳೇ ಬೆಡ್‌ಶೀಟ್, ಅತ್ತೆಯವರ ಮಡಿಲು. ಮಗಳು ಮನೆಯಲ್ಲಿ ಏನು ಹಿಡಿದುಕೊಂಡು ಮಲಗುತ್ತಾಳೋ ಅದನ್ನೂ ತನ್ನಿ. ಅಷ್ಟೊತ್ತು ಅಪ್ಪ ಮಗನನ್ನು ಕರ್ಕೊಂಡು ಹೋಗಲಿ, ಇಲ್ಲ ನೀವಿಬ್ಬರೂ ಸರದಿಯಲ್ಲಿ ಹೋಗಿ. ಬಿಸಿಲಿನ ಜೋರೂ ಅಷ್ಟರಲ್ಲಿ ಇಳಿದಿರುತ್ತದೆ. ರಾಯಚೂರು ಬಿಸಿಲು ಕಂಡ ನಮಗೆ ಅಕ್ಟೋಬರ್ ಬಿಸಿಲು ಏನು ಮಹಾ ಅನ್ನಿಸಬಹುದು. ನೀರಲ್ಲಿ ಇರುವಾಗ ಬಿಸಿಲು ಗೊತ್ತಾಗುವುದಿಲ್ಲ, ರಾತ್ರಿ ಹೆಗಲು ಉರಿದಾಗ ಗೊತ್ತಾಗುತ್ತದೆ.

ನೀರಿಗೆ ಇಳಿಯುವುದು ಎರಡೂವರೆ ಮೇಲೆ. ನಾಲ್ಕೂಕಾಲಿಗೆ ಮೇಲೆ ಬನ್ನಿ. ಐದಕ್ಕೆ ಇಡೀ ಪಾರ್ಕು ಒಟ್ಟಿಗೆ ಬಟ್ಟೆ ಬದಲಿಸುವ ಕೋಣೆಗೆ ನುಗ್ಗುತ್ತದೆ. ಒದ್ದೆ ಮಗುವನ್ನು ಎತ್ತಿಕೊಂಡು ಆ ಕ್ಯೂನಲ್ಲಿ ನಿಲ್ಲುವುದು ಯಾರಿಗೂ ಬೇಡ.

ಬಟ್ಟೆ ವಿಷಯ ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಫೋನಿನಲ್ಲಿ ದನಿ ತಗ್ಗಿಸಿ ಕೇಳುವುದು ಇದನ್ನೇ. ನೀರಿಗೆ ಹತ್ತಿ ಬಟ್ಟೆ, ಸೀರೆ, ಚೂಡಿದಾರ, ಜೀನ್ಸ್ ಬಿಡುವುದಿಲ್ಲ. ನೈಲಾನ್ ಅಥವಾ ಅಂಥದ್ದೇ ನೀರು ಹೀರದ ಬಟ್ಟೆ ಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ನೂಲು ಬಿಟ್ಟುಕೊಂಡು ನೀರು ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಜಿಪ್ಪು, ಲೋಹದ ಗುಂಡಿ ಜಾರುಬಂಡೆಯ ಫೈಬರ್ ಗೀರುತ್ತದೆ. ಪೂರ್ತಿ ತೋಳು, ಕಾಲಿನ ಗಿಣ್ಣಿನವರೆಗೆ ಪ್ಯಾಂಟು, ಮೇಲೊಂದು ಸ್ಕರ್ಟು ಇರುವ ಡ್ರೆಸ್ ಸಿಗುತ್ತದೆ, ಸಂಕೋಚ ಪಡಬೇಕಾಗಿಲ್ಲ. ಪಾರ್ಕಿನ ಅಂಗಡಿಯಲ್ಲೂ ಮಾರುತ್ತಾರೆ, ಆದರೆ ಮುಂಚೆಯೇ ತಗೊಂಡು ಮನೆಯಲ್ಲಿ ಒಂದು ಸಲ ಹಾಕಿ ನೋಡಿ.

ಮಕ್ಕಳಿಗೆ ನೀಲಿ, ಬಿಳಿ ಬೇಡ. ನೀಲಿ ಬಟ್ಟೆ ಹಾಕಿದ ಮಗು ನೀರೊಳಗೆ ಹೋದರೆ ಕಣ್ಣಿಗೆ ಬೀಳುವುದಿಲ್ಲ. ಕಡು ಕಿತ್ತಳೆ, ಮಿಂಚುವ ಗುಲಾಬಿ ತಗೊಳ್ಳಿ. ಮಗಳಿಗೆ ನೀರಿನ ಡೈಪರ್ ಅಂತ ಬೇರೆಯೇ ಸಿಗುತ್ತದೆ, 2–3 ಇರಲಿ. ಮಾಮೂಲಿ ಡೈಪರಿನೊಳಗೆ ನೀರು ಹೀರಿ ಉಬ್ಬುವ ಪುಡಿ ಇರುತ್ತದೆ. ಅದನ್ನು ಹಾಕಿ ನೀರಿಗೆ ಬಿಟ್ಟರೆ ಎರಡು ನಿಮಿಷದಲ್ಲಿ ನೆನೆಸಿದ ಸಾಬೂದಾನಿಯ ಹಾಗೆ ಊದಿ ಮೊಣಕಾಲಿಗೆ ಇಳಿಯುತ್ತದೆ. ಒಮ್ಮೆ ಒಂದು ಡೈಪರ್ ಕೊಳದಲ್ಲಿ ಒಡೆದು, ಇಡೀ ಕೊಳದ ಜನರನ್ನು ಹೊರಗೆ ಕಳಿಸಿ ನಾವು ನಾಲ್ಕು ಜನ ಜಾಲರಿ ಹಿಡಿದು ಆ ಗಂಜಿ ತೆಗೆದಿದ್ದೇವೆ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತು. ಮುಳುಗುವ ಮಗು ಕೂಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸುವುದೂ ಇಲ್ಲ. ಬಾಯಿ ನೀರಿನ ಮಟ್ಟಕ್ಕಿಳಿದರೆ ಉಸಿರಿಗೇ ಜಾಗ ಇರುವುದಿಲ್ಲ, ಕೂಗಿಗೆ ಎಲ್ಲಿಂದ ಬರಬೇಕು. ಮೊಣಕಾಲು ಮಟ್ಟದ ನೀರಿನಲ್ಲೂ ಎರಡೂವರೆ ವರ್ಷದವಳು ಮುಗ್ಗರಿಸಿದರೆ ಎದ್ದು ನಿಲ್ಲಲಾರಳು. ಹಾಗಾಗಿ ನೀರಿನಲ್ಲಿ ಮಗಳಿಗೆ ಒಬ್ಬರು, ಮಗನಿಗೆ ಒಬ್ಬರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ‘ನಾವೆಲ್ಲಾ ಇದ್ದೀವಲ್ಲ’ ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ಹೆಸರು ಹಿಡಿದು ಒಪ್ಪಿಸಿ: ‘ಈಗ ಇವಳು ನಿಮ್ಮ ಹತ್ರ.’ ಮೊಬೈಲ್ ಲಾಕರಿನಲ್ಲಿರಲಿ. ತೋಳಿಗೆ ಊದಿ ಹಾಕುವ ಬಲೂನು ಆಟದ ಸಾಮಾನು, ಅದನ್ನು ನಂಬಬೇಡಿ. ಲೈಫ್ ಜಾಕೆಟ್ ಕೇಳಿ. ಅಲೆ ಬರುವ ಕೊಳಕ್ಕೆ ಮಗಳನ್ನು ಒಯ್ಯಲೇಬೇಡಿ. ಸೈರನ್ ಆದ ಕೂಡಲೇ ದೊಡ್ಡವರೆಲ್ಲಾ ಹಾರಲು ಶುರು ಮಾಡುತ್ತಾರೆ, ಚಿಕ್ಕವರು ಅವರ ಕಾಲಡಿಗೆ ಸಿಗುತ್ತಾರೆ.

ಅತ್ತೆಯವರ ವಿಷಯ. ಸುಮ್ನೆ ಕೂರುವವರಿಗೂ ಟಿಕೆಟ್ ಬೇಕು. 60 ದಾಟಿದವರಿಗೆ ರಿಯಾಯಿತಿ ಇರುತ್ತದೆ, ಆಧಾರ್ ಕಾರ್ಡ್ ಮರೀಬೇಡಿ. ಗೇಟಿನಲ್ಲಿ ಗಾಲಿಕುರ್ಚಿ ಇದೆಯಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ‘ನಾನೇನು ಕುಂಟಿ ಅಲ್ಲ’ ಅಂತ ಬೇಜಾರು ಮಾಡಿಕೊಂಡರೆ ಬ್ಯಾಗು ಇಡಲಿಕ್ಕೆ ಅಂತ ತಗೊಳ್ಳಿ. ಮೂರು ಗಂಟೆಯ ಹೊತ್ತಿಗೆ ಅವರೇ ಕೂರುತ್ತಾರೆ. ಆದರೆ ಒಂದು ಮಾತು. ಅವರನ್ನು ಇಡೀ ದಿನ ಚಪ್ಪಲಿ ಕಾಯಲು ಕೂರಿಸಬೇಡಿ. ನಿಧಾನಕ್ಕೆ ತಿರುಗುವ ಆಟಗಳಿರುತ್ತವೆ. ಬಿ.ಪಿ., ಹೃದಯದ ತೊಂದರೆ ಇಲ್ಲದಿದ್ದರೆ ಮೊಮ್ಮಗನ ಪಕ್ಕ ಒಂದು ಸಲ ಕೂರಿಸಿ. ಸೀರೆ ಸೆರಗು ಸಿಕ್ಕಿಸಿಕೊಂಡು ‘ಯವ್ವಾ’ ಅಂತ ನಗುವ ಅಜ್ಜಿಯರನ್ನು ನೋಡಲೆಂದೇ ನಾನು ಆ ಆಟಕ್ಕೆ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಉಳಿದದ್ದು ಸಣ್ಣಪುಟ್ಟದ್ದು. ಒಳಗೆ ಹೋಗುವ ಮುಂಚೆ ಗೇಟಿನಲ್ಲಿ ಇಬ್ಬರು ಮಕ್ಕಳದೂ ಒಂದು ಫೋಟೊ ತೆಗೆಯಿರಿ. ತಪ್ಪಿಸಿಕೊಂಡರೆ ‘ಯಾವ ಬಣ್ಣದ ಅಂಗಿ’ ಅಂದಾಗ ಯಾವ ತಾಯಿಗೂ ನೆನಪಾಗುವುದಿಲ್ಲ. ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಮುಂಗೈ ಮೇಲೆ ಬರೆಯಿರಿ, ನೀರಿನಿಂದ ಬಂದ ಮೇಲೆ ಮತ್ತೊಮ್ಮೆ ಬರೆಯಿರಿ. ಮಗನಿಗೆ ಕಲಿಸಬೇಕಾದ್ದು ಒಂದೇ: ನಾವು ಕಾಣದಿದ್ದರೆ ಹುಡುಕಬೇಡ, ಅಲ್ಲೇ ನಿಂತುಕೋ. ಓಆರ್‌ಎಸ್ ಪಾಕೀಟು ನಾಲ್ಕು ಇರಲಿ. ದೊಡ್ಡ ಪಾಕೀಟಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಲೇ ಕಲಸಬೇಕು, ಲೋಟಕ್ಕೆ ಚಿಟಿಕೆ ಹಾಕುವುದಲ್ಲ. ಗುಡುಗು ಮಿಂಚು ಬಂದರೆ ಹೊರಗಿನ ಆಟ ನಿಲ್ಲಿಸುತ್ತಾರೆ, ಅಕ್ಟೋಬರಿನಲ್ಲಿ ಸಂಜೆ ಮಳೆ ಆ ಕಡೆ ಇದ್ದದ್ದೇ. ಅದಕ್ಕೂ ಸೇರಿಸಿಯೇ ಬೆಳಿಗ್ಗೆ ಬೇಗ ಹೋಗಿ ಅಂದದ್ದು.

ದುಡ್ಡು ದಂಡವಾ ಅಂತ ಕೇಳಿದಿರಿ. ಮಗಳ ಮಟ್ಟಿಗೆ ಹೌದು. ಅವಳೊಬ್ಬಳೇ ಆಗಿದ್ದರೆ ಹೊಸಪೇಟೆಯ ಟಿ.ಬಿ. ಡ್ಯಾಮ್ ಉದ್ಯಾನ, ಕಮಲಾಪುರದ ಝೂ ಸಾಕಿತ್ತು. ಅವಳಿಗೆ ಇದ್ಯಾವುದೂ ನೆನಪಿರುವುದಿಲ್ಲ. ಮಗನಿಗೆ ದಂಡವಲ್ಲ, ಆರು ವರ್ಷ ಸರಿಯಾದ ವಯಸ್ಸು. ಆದರೆ ಅವನ ಅಳತೆ ಈಗ 118 ಇದ್ದು 120ರ ಗೆರೆಗೆ ಎರಡು ಸೆಂ.ಮೀ. ಕಮ್ಮಿ ಅಂತ ಬಂದರೆ ನನ್ನ ಸಲಹೆ ಬೇರೆ. ದಸರಾ ಬಿಟ್ಟು ಬೇಸಿಗೆ ರಜೆ ಶುರುವಾಗುವ ವಾರ ಹೋಗಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಆರು ತಿಂಗಳಿಗೆ ಗೆರೆ ದಾಟಿರುತ್ತಾನೆ, ಅದೇ ಟಿಕೆಟ್‌ಗೆ ಎಷ್ಟೋ ಆಟ ಜಾಸ್ತಿ ಸಿಗುತ್ತದೆ. ಹಾಗೆ ಮುಂದೂಡುವುದಾದರೆ ಗೋಡೆ ಹತ್ತಿರ ನಿಲ್ಲಿಸಿ ಅವನನ್ನೇ ಕೇಳಿ, ಈಗಲೇ ಚಿಕ್ಕ ಆಟಕ್ಕಾ, ಗೆರೆ ಮುಟ್ಟಿದ ಮೇಲೆ ದೊಡ್ಡದಕ್ಕಾ ಅಂತ. ಮಾತು ಕೊಟ್ಟಿರುವುದು ಅವನಿಗೆ, ಅಲ್ವಾ?